ಕಂಪ್ಯೂಟರಿಗೆ ತಂಪು ಮಾಡಲು ಹೋಗಿ

ಕಂಪ್ಯೂಟರ್ ಬಿಚ್ಚಿ ಜೋಡಿಸುವುದು ಹಲಸಿನ ಹಣ್ಣು ಬಿಡಿಸಿದಷ್ಟೇ ಸುಲಭ ಎಂದು ನಾನು ನಂಬಿದ್ದೆ. ಹಲಸಿನ ಹಣ್ಣನ್ನೂ ನಾನು ಯಾವತ್ತೂ ಬಿಡಿಸಿರಲಿಲ್ಲ!

ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ನಾನೂ ಹುಬ್ಬಳ್ಳಿಯ ಬಸುವೂ ಬಾಡಿಗೆಗಿದ್ದ ಕಾಲ. ನನಗೆ ಒಂದು ಖಾಸಗಿ ಕಂಪನಿಯಲ್ಲಿ ಕೆಲಸ, ಅವನಿಗೆ ಎಂಟೆಕ್ ಕೊನೆಯ ವರ್ಷ. ಕಂಪ್ಯೂಟರ್ ನನ್ನದು, ಅದರೊಳಗಿದ್ದ ಎಂಬತ್ತು ಪುಟದ ಪ್ರಾಜೆಕ್ಟ್ ರಿಪೋರ್ಟ್ ಅವನದು. ರಿಪೋರ್ಟಿನ ಚಿತ್ರಗಳು ಫ್ಲಾಪಿಯಲ್ಲಿ ಹಿಡಿಸುತ್ತಿರಲಿಲ್ಲ. ಹಾಗಾಗಿ ಅವನ ಡಿಗ್ರಿ ನನ್ನ ಮೇಜಿನ ಮೇಲೆ ಕೂತಿತ್ತು.

ಮೇ ತಿಂಗಳು ಬಂತು. ಕಂಪ್ಯೂಟರ್ ಹತ್ತು ನಿಮಿಷ ಓಡಿ ತಾನಾಗಿಯೇ ಆಫ್ ಆಗತೊಡಗಿತು.

"ಲೇ, ಮತ್ತ ಮಲಗ್ತಲ್ಲೋ ಇದು!" ಎಂದ ಬಸು. "ಸೋಮವಾರ ಸಬ್ಮಿಟ್ ಮಾಡೂದೈತಿ ನಂದು. ಇನ್ನಾ ಎರಡು ಚಾಪ್ಟರ್ ಟೈಪ್ ಮಾಡಬೇಕು."

"ಪ್ರೊಸೆಸರ್ ಬಿಸಿಯಾಗಿದೆ ಕಣೋ. ಅದರ ಮೇಲಿನ ಫ್ಯಾನ್ ಹಳೇದು. ಹೊಸ ಕೂಲರ್ ಹಾಕಿದ್ರೆ ಆಯ್ತು. ನಾನಿದೀನಲ್ಲ!"

ಬಸುವಿನ ಮುಖ ಬಾಡಿತು. ನಾನಿದ್ದೇನೆ ಎಂಬುದೇ ಅವನ ಚಿಂತೆ.

ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳವನ್ನು ಗಾಳಿಯಾಡಲಿ ಎಂದು ಜನವರಿಯಲ್ಲೇ ತೆಗೆದಿಟ್ಟಿದ್ದೆ. ಅದರ ಮೇಲೆ ಹಪ್ಪಳದಂಥ ಖಾಖ್ರಾ ಇಟ್ಟುಕೊಂಡು ತಿನ್ನುತ್ತಿದ್ದೆವು. ಕಂಪ್ಯೂಟರಿನ ಹಿಂದೆ ಹಳೆ ಪೇಪರು, ಗಂಟುಬಿದ್ದ ಗಾಳಿಪಟದ ದಾರ, ಒಂಟಿ ಸಾಕ್ಸು ಅನ್ಯೋನ್ಯವಾಗಿ ಬಾಳುತ್ತಿದ್ದವು. ಇಣುಕಿ ನೋಡಿದೆ. ಫ್ಯಾನು ತಿರುಗುತ್ತಿತ್ತು, ಆದರೆ ನನ್ನಂತೆಯೇ, ಸೋಮವಾರ ಆಫೀಸಿಗೆ ಹೋಗುವಾಗಿನ ಹುರುಪಿನಲ್ಲಿ. ಪರೀಕ್ಷೆ ಅಲ್ಲಿಗೆ ಮುಗಿಯಿತು.

ಶನಿವಾರ ಬೆಳಿಗ್ಗೆ ಅಂಗಡಿಗೆ ಹೋದೆ. ಮಾಲೀಕ ಜಿಗ್ನೇಶ್‌ಭಾಯಿ ಮೂರು ಕೂಲರ್ ಮುಂದಿಟ್ಟರು. ಮೊದಲನೆಯದು ಪೂರ್ತಿ ತಾಮ್ರದ್ದು. ಬೆಲೆ ಕೇಳಿ ಬಿಸಿಯಾದದ್ದು ನಾನು. ಎರಡನೆಯದು ನೋಡಲು ಸಾಧಾರಣ, ಕೆಲಸಕ್ಕೆ ಗಟ್ಟಿ ಎಂದರು. ಮೂರನೆಯದು ಎಲ್ಲಕ್ಕಿಂತ ಅಗ್ಗ. ನೀಲಿ ದೀಪ ಬೇರೆ. ಡಬ್ಬಿಯ ಮೇಲೆ ಹಿಮಾಲಯದ ಚಿತ್ರ! ಆ ಬಿಸಿಲಲ್ಲಿ ಹಿಮ ಕಂಡವನಿಗೆ ವಿವೇಕ ಎಲ್ಲಿ ಉಳಿಯುತ್ತದೆ?

"ಪುರಾನಾ ಫ್ಯಾನ್ ಏಕ್ ಬಾರ್ ದಿಖಾ ದೋ ನಾ, ಸಾಬ್. ಸಾಫ್ ಕರ್ ದೂಂಗಾ," ಎಂದರು ಜಿಗ್ನೇಶ್‌ಭಾಯಿ. ಹಳೆಯದನ್ನು ತಂದರೆ ಬರೀ ಚೊಕ್ಕ ಮಾಡಿಕೊಡುತ್ತಾರಂತೆ! ಎಂಥ ವ್ಯಾಪಾರಿಯಪ್ಪಾ ಎಂದುಕೊಂಡೆ. ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಬಿಳಿ ಪೇಸ್ಟ್ ಬೇರೆಯಾಗಿ ಕೊಳ್ಳಬೇಕು ಎಂದಾಗ ಮಾತ್ರ ನನ್ನೊಳಗಿನ ಜಾಣ ಎಚ್ಚೆತ್ತ. ಬೇಡ ಎಂದು ಹಿಮಾಲಯದ ಡಬ್ಬಿಯನ್ನಷ್ಟೇ ಕೊಂಡೆ.

ಮನೆಗೆ ಬಂದು ಹಳೆಯ ಕೂಲರ್ ಕಿತ್ತೆ. ಅದರಡಿ ಬಿಳಿ ಪೇಸ್ಟ್ ಒಣಗಿ ಪುಡಿಯಾಗಿತ್ತು. ಉಜ್ಜಿ ತೆಗೆದೆ. ಈಗ ಬಿಳಿಯದು ಏನಾದರೂ ಬೇಕಲ್ಲ? ಕಣ್ಣು ಗೋಡೆಯ ಗೂಡಿನತ್ತ ಹೋಯಿತು. ಅಲ್ಲಿ ಬಿಳಿಯಾದ, ನುಣ್ಣಗಿನ, ಶುದ್ಧವಾದ ಪದಾರ್ಥವೊಂದು ತಟ್ಟೆಯಲ್ಲಿ ಸಿದ್ಧವಾಗಿ ಕೂತಿತ್ತು. ನೀರು ಹಾಕಿ ತೇದೆ. ಧಾರಾಳವಾಗಿ ಬಳಿದೆ. ಚೆನ್ನಾಗಿ ಒಣಗಲಿ ಎಂದು ಉಫ್ ಉಫ್ ಊದಿದೆ. ಮೇಲೆ ಹಿಮಾಲಯ ಇಟ್ಟು, ಸ್ಕ್ರೂಡ್ರೈವರಿನಿಂದ ಕ್ಲಿಪ್ ಒತ್ತಿದೆ.

ಬಸು ಸ್ನಾನ ಮುಗಿಸಿ ಬಂದು ಗೂಡಿನ ಮುಂದೆ ನಿಂತ.

"ಲೇ, ನನ್ನ ವಿಭೂತಿ ಗಟ್ಟಿ ಎಲ್ಲಿ ಹೋತು?"

"ಹಚ್ಚಿದೆ."

"ನೀನು ಯಾವಾಗಿಂದ ಹಚ್ಕೊಳ್ಳಾಕ್ಹತ್ತಿ?"

"ನನಗಲ್ಲ. ಪ್ರೊಸೆಸರಿಗೆ."

ಬಸು ಒದ್ದೆ ತಲೆಯಲ್ಲೇ ಕುರ್ಚಿಗೆ ಕುಸಿದ. "ಅವ್ವ ಊರಿಂದ ಕಳಿಸಿದ್ದಲೇ ಅದು!"

"ಇನ್ನೂ ಒಳ್ಳೇದು. ಆಶೀರ್ವಾದ ಇರುತ್ತೆ," ಎಂದು ಸ್ವಿಚ್ ಒತ್ತಿದೆ.

ನೀಲಿ ದೀಪ ಹತ್ತಿತು. ಫ್ಯಾನು ವಿಮಾನದಂತೆ ಗರ್ಜಿಸಿತು. ನಾನು ವಿಜಯದ ನಗೆ ನಕ್ಕೆ. ಆ ನಗೆ ಮುಗಿಯುವ ಮೊದಲೇ ಸುಟ್ಟ ವಾಸನೆ ಬಂತು. ವಿಭೂತಿ ಧರಿಸಿದ ನನ್ನ ಪ್ರೊಸೆಸರ್ ಸಕಲ ಮರ್ಯಾದೆಗಳೊಂದಿಗೆ ಶಿವನ ಪಾದ ಸೇರಿತು.

ಬಸು ಅಂಗಿ ಹಾಕಿಕೊಂಡು, ಕ್ಯಾಬಿನೆಟ್ಟನ್ನು ಕೂಸಿನಂತೆ ಎತ್ತಿಕೊಂಡು ಆಟೋ ಹತ್ತಿದ. ನಾನು ಹಳೆಯ ಕೂಲರ್ ಹಿಡಿದು ಹಿಂದೆಯೇ ಹೋದೆ, ಸ್ಮಶಾನಕ್ಕೆ ಹೊರಟವನಂತೆ.

ಜಿಗ್ನೇಶ್‌ಭಾಯಿ ಹಾರ್ಡ್ ಡಿಸ್ಕ್ ಬಿಚ್ಚಿ ತಮ್ಮ ಕಂಪ್ಯೂಟರಿಗೆ ಜೋಡಿಸಿದರು. ಎಂಬತ್ತು ಪುಟವೂ ಇತ್ತು! ಭಾನುವಾರವಿಡೀ ಇಲ್ಲೇ ಕೂತು ಟೈಪ್ ಮಾಡು ಎಂದು ಬಸುವಿಗೆ ಹೇಳಿ ಚಹಾ ತರಿಸಿದರು. ಆಮೇಲೆ ನನ್ನ ಹಳೆಯ ಕೂಲರನ್ನು ತಿರುಗಿಸಿ ನೋಡಿ, ಬ್ರಷ್ಷಿನಿಂದ ಧೂಳು ಕೊಡವಿ, ಚಿಮಟದಿಂದ ಏನನ್ನೋ ಎಳೆಯತೊಡಗಿದರು. ಗುಲಾಬಿ ಬಣ್ಣದ ದಾರ. ಬಂತು, ಬಂತು, ಬರುತ್ತಲೇ ಇತ್ತು.

"ಸಾಬ್, ಯೇ ತೋ ಉತ್ತರಾಯಣ್ ಕೀ ದೋರೀ ಹೈ!"

ಸಂಕ್ರಾಂತಿಯ ಗಾಳಿಪಟದ ದಾರ. ಒಂದೂ ಪಟ ಹಾರಿಸಲಾಗದೆ ನಾನೇ ಕಂಪ್ಯೂಟರಿನ ಹಿಂದೆ ತುರುಕಿದ್ದು. ದಾರ ತೆಗೆದೊಡನೆ ಹಳೆಯ ಫ್ಯಾನು ಗಿರ್ರನೆ ತಿರುಗಿತು. ಅದಕ್ಕೇನೂ ಆಗಿರಲಿಲ್ಲ. ಆಗಿದ್ದೆಲ್ಲ ನನಗೆ.

ಸೋಮವಾರ ಬಸುವಿನ ರಿಪೋರ್ಟ್ ಸಲ್ಲಿಕೆಯಾಯಿತು. ಕೃತಜ್ಞತೆಯ ಪುಟದಲ್ಲಿ ಗೈಡ್, ಅವ್ವ, ಜಿಗ್ನೇಶ್‌ಭಾಯಿ ಎಲ್ಲರೂ ಇದ್ದರು. ಕಟ್ಟಕಡೆಯಲ್ಲಿ ನಾನು: "ಹಾರ್ಡ್ ಡಿಸ್ಕಿಗೆ ಏನೂ ಮಾಡದೆ ಬಿಟ್ಟ ನನ್ನ ರೂಮ್‌ಮೇಟಿಗೂ ನಾನು ಋಣಿ."

ಏನೂ ಮಾಡದೆ ಬಿಟ್ಟೆ ಎನ್ನುವುದು ಪೂರ್ತಿ ನಿಜವಲ್ಲ. ಉಫ್ ಎಂದು ಊದಿದಾಗ ಹಾರ್ಡ್ ಡಿಸ್ಕಿನ ಮೇಲೂ ಒಂದಿಷ್ಟು ವಿಭೂತಿ ಹಾರಿತ್ತು. ಆಶೀರ್ವಾದ ತಟ್ಟಿದ್ದು ಅದೊಂದಕ್ಕೇ ಇರಬೇಕು!