ಕೈ ಮಾಡಬ್ಯಾಡ್ರಿ!

ಹೈಸ್ಕೂಲು ಹುಡುಗರಿಗೆ ಬುದ್ಧಿ ಹೇಳುವುದು ಬಲು ಸುಲಭ. ಬರೀ ಬಾಯಲ್ಲಿ ಹೇಳಬಾರದು, ಕಣ್ಣಿಗೆ ತೋರಿಸಬೇಕು! ಎಂಬತ್ತರ ದಶಕದ ಕೊನೆಯಲ್ಲಿ, ಮಸ್ಕಿಯಲ್ಲಿ ನನ್ನದೊಂದು ಸಣ್ಣ ದವಾಖಾನೆ ಇದ್ದಾಗ, ಈ ಸಲಹೆಯನ್ನು ಕೇಳದವರಿಗೂ ಕೊಡುತ್ತಿದ್ದೆ.

ಒಂದು ದಿನ ಹೆಡ್‌ಮಾಸ್ತರರು ಬಂದರು. “ಡಾಕ್ಟ್ರ, ನಮ್ಮ ಹುಡುಗರು ಕಬಡ್ಡಿ ಬಿಟ್ಟು ಹೊಡೆದಾಟಾನಽ ಆಡಾಕತ್ತಾರ. ಒಬ್ಬನ ಹಲ್ಲು ಹೋತು. ಬಂದು ನಾಕು ಮಾತು ಹೇಳ್ರಿ.”

“ಎರಡು ಮಾತು ಹೇಳ್ತೀನಿ,” ಎಂದೆ. ಚೌಕಾಶಿ ನನ್ನ ರಕ್ತದಲ್ಲೇ ಇದೆ. ಅಲ್ಲದೆ ಅಂದು ಸಂಜೆ ಲಿಂಗಸುಗೂರಿನ ಮಾವನ ಮನೆಯಲ್ಲಿ ನನ್ನ ಹೆಂಡತಿಯ ತಂಗಿಯ ಲಗ್ನದ ಮಾತುಕತೆ ಇತ್ತು. ಹುಡುಗ ಹುಡುಗಿ ಒಪ್ಪಿದ್ದರು. ಲಗ್ನ ಎಲ್ಲಿ ಎಂಬುದೇ ತಕರಾರು! ಗಂಡಿನ ಅಪ್ಪ, ಬಟ್ಟೆ ವ್ಯಾಪಾರಿ, ಸಿಂಧನೂರಿನಲ್ಲೇ ಆಗಬೇಕೆಂದು ಹಠ ಹಿಡಿದಿದ್ದರು. ನಮ್ಮತ್ತೆ ಹಾಸಿಗೆ ಹಿಡಿದಿದ್ದರು. ಮಗಳ ಲಗ್ನ ಕಣ್ಣಾರೆ ನೋಡಬೇಕಾದರೆ ಅದು ಲಿಂಗಸುಗೂರಿನಲ್ಲೇ ಆಗಬೇಕು. ಒಪ್ಪಿಸುವ ಜವಾಬ್ದಾರಿ ನನ್ನದು.

ಶಾಲೆಯಲ್ಲಿ ನನ್ನ ಬಲಗೈಗೆ ಮೊಣಕೈತನಕ ನಾನೇ ಪ್ಲಾಸ್ಟರ್ ಸುತ್ತಿಕೊಂಡೆ. “ನೋಡ್ರಿ! ಇನ್ನೊಬ್ಬರ ಮ್ಯಾಲೆ ಕೈ ಮಾಡಿದ್ರ ನಿಮ್ಮ ಎಲುಬೂ ಮುರೀತದ. ಬುಗುರಿ ಇಲ್ಲ, ಪರೀಕ್ಷಾ ಇಲ್ಲ. ಎಂದೂ ಕೈ ಮಾಡಬ್ಯಾಡ್ರಿ!”

ಚಪ್ಪಾಳೆಯೋ ಚಪ್ಪಾಳೆ! ಆ ಅಮಲಿನಲ್ಲಿ ಎರಡು ಮಾತು ಇನ್ನೂರಾಯಿತು. ಅಷ್ಟರಲ್ಲಿ ಪ್ಲಾಸ್ಟರ್ ಕಲ್ಲಾಯಿತು. ಮಾಲು ಒಳ್ಳೆಯದು; ಆರಿಸಿ ತಂದವನು ನಾನೇ! ಕತ್ತರಿಸಲು ದವಾಖಾನೆಗೆ ಓಡಿದರೆ ಬೀಗ. ಕಂಪೌಂಡರ್ ಕೀಲಿಕೈ ಸಮೇತ ಸಿಂಧನೂರಿಗೆ ಹೋಗಿದ್ದ.

ದೂರದಲ್ಲಿ ಬಸ್ಸು ಕಂಡಿತು. ರಸ್ತೆಯಲ್ಲಿ ನಿಂತ ವಿದ್ಯಾರ್ಥಿಗೆ ಕೂಗಿದೆ: “ಲೇ ತಮ್ಮಾ, ಬಸ್ಸಿಗೆ ಕೈ ಮಾಡೋ!”

“ನೀವಽ ಬ್ಯಾಡಂದೀರಲ್ರೀ ಸಾರ್!”

ಕೊನೆಗೆ ಬಿಳಿಗೈ ಎತ್ತಿ ನಾನೇ ನಿಲ್ಲಿಸಿದೆ. ಕಂಡಕ್ಟರ್ ದಂಗಾದ. “ಯಾರ ಮ್ಯಾಲೆ ಕೈ ಮಾಡಿದ್ರೀ ಡಾಕ್ಟ್ರ?”

“ನಿನ್ನ ಬಸ್ಸಿಗೆ!”

ಲಿಂಗಸುಗೂರಿನಲ್ಲಿ ಹೆಂಡತಿ ಬಾಗಿಲಲ್ಲೇ ಹಣೆ ಬಡಿದುಕೊಂಡಳು. “ಏನ್ ಅವತಾರರೀ ಇದು!”

“ಏನಿಲ್ಲ ಬಿಡು. ಹೈಸ್ಕೂಲ್ ಹುಡುಗರಿಗೆ ಹೊಡೆದಾಟದ ಪಾಠ ಮಾಡಿ ಬಂದೀನಿ.”

ಚಹಾ ಕುಡಿಯುತ್ತಿದ್ದ ಬೀಗರು ಕಪ್ಪು ಕೆಳಗಿಟ್ಟರು. “ಅದನ್ನ ಕಲಿಸೋರು ನೀವಽ ಏನ್ರೀ?”

“ಹೌದ್ರೀ. ಕರದ್ರ ಸಿಂಧನೂರಿಗೂ ಬರ್ತೀನಿ!”

ಅವರು ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿಕೊಂಡರು. ನಾನು ಬಸ್ಸಿನಲ್ಲಿ ಹೊಂದಿಸಿಕೊಂಡ ವಾದಗಳನ್ನು ನೆನೆಯುತ್ತ, ಭಾರವಾದ ಕೈಯನ್ನು ಮೇಜಿನ ಮೇಲಿಟ್ಟೆ. ಧಡ್! ಕಪ್ಪುಗಳು ಕುಣಿದವು.

“ಈಗ ಲಗ್ನದ ವಿಚಾರ—”

“ಇಲ್ಲೇ ಆಗ್ಲಿ ಬಿಡ್ರಿ! ಇಲ್ಲೇ ಆಗ್ಲಿ!”

ಒಳಗಿನ ಕೋಣೆಯಲ್ಲಿ ಅತ್ತೆ ಕಣ್ಣೊರೆಸಿಕೊಂಡರು. ಬಾಯಿ ತೆರೆಯುವ ಮೊದಲೇ ಗೆದ್ದ ಚೌಕಾಶಿ ಎಂದು ನಾನು ಬೀಗಿದೆ. ಆದರೆ ಬೀಗರು ಹೊರಡುವಾಗ ನನ್ನ ಹೆಂಡತಿಗೆ ಮೆಲ್ಲಗೆ ಹೇಳಿದರು: “ತಂಗೀ, ನಮ್ಮದೊಂದಽ ಮಾತು. ಲಗ್ನದ ದಿನ ನಿಮ್ಮ ಯಜಮಾನರನ್ನ ನಮ್ಮ ಮಂದಿಯಿಂದ ಸ್ವಲ್ಪ ದೂರ ಕುಂದರಸ್ರಿ.”

ಲಗ್ನದ ದಿನ ಹೆಂಡತಿ ಅವರ ಮಾತು ಮೀರಲಿಲ್ಲ. ಹೊಡೆದಾಟದ ವಿರುದ್ಧ ಮಾತಾಡಿ ಬಂದ ಮಹಾನುಭಾವನಾದ ನಾನು ಅಡುಗೆ ಒಲೆಯ ಪಕ್ಕ ನಿಂತು ಅಕ್ಷತೆ ಎಸೆದೆ. ಒಂದು ಕಾಳೂ ಮದುಮಕ್ಕಳನ್ನು ಮುಟ್ಟಲಿಲ್ಲ. ಎಲ್ಲ ಸಾರಿನ ಕೊಪ್ಪರಿಗೆಗೆ ಬಿತ್ತು!