ಡಬ್ಬಿ, ಬಾಣ ಮತ್ತು ಖಾನಾಪುರದ ಹಾಲು

ನಾನು ಚಹಾ ಕೊಡುವ ಕಚೇರಿಯಲ್ಲಿ ನಗು ಬರುವಂಥದ್ದು ವಾರಕ್ಕೊಂದಾದರೂ ನಡೆಯುತ್ತದೆ. ನಡೆಸುವವರಿಗೆ ಮಾತ್ರ ಅದು ಗೊತ್ತಾಗುವುದಿಲ್ಲ. ಮಹಾಂತೇಶ ನಗರದಲ್ಲಿ ಎರಡು ಕೋಣೆ. ಕಂಪ್ಯೂಟರಿನಲ್ಲಿ ಡಬ್ಬಿ ಬರೆದು, ಡಬ್ಬಿಯಿಂದ ಡಬ್ಬಿಗೆ ಬಾಣ ಎಳೆದು, ಗುಂಡಿ ಒತ್ತಿದರೆ ಆ ಚಿತ್ರವೇ ಪ್ರೋಗ್ರಾಮಾಗಿ ಓಡಬೇಕು. ಅಂಥ ಸಾಫ್ಟ್‌ವೇರ್ ಮಾಡುತ್ತಾರೆ. ಡಬ್ಬಿ ಎಂದರೆ ಒಬ್ಬ ಮನುಷ್ಯ ಇಲ್ಲವೇ ಒಂದು ವಸ್ತು. ಬಾಣ ಎಂದರೆ ಒಬ್ಬರು ಇನ್ನೊಬ್ಬರಿಗೆ ಹೇಳುವ ಕೆಲಸ. ನನ್ನ ಮಗಳೂ ಗೋಡೆಯ ಮೇಲೆ ಡಬ್ಬಿ ಗೀಚುತ್ತಾಳೆ. ಅವಳಿಗೆ ಪೆಟ್ಟು, ಇವರಿಗೆ ಪಗಾರ.

೧. ಏಳನೇ ಚಹಾ

ಹೊಸದಾಗಿ ಸೇರಿದ ಇಂಜಿನಿಯರ್ ಹುಡುಗಿಗೆ ಕಲಿಸಲು ಕಚೇರಿ ನಡೆಸುವ ಸಾಹೇಬರು ಇಲ್ಲಿಯ ಚಹಾವನ್ನೇ ಚಿತ್ರ ಮಾಡಿದರು. ನಾನೊಂದು ಡಬ್ಬಿ, ಒಲೆ ಒಂದು ಡಬ್ಬಿ, ಆರು ಕಪ್. ಗುಂಡಿ ಒತ್ತಿದರೆ ಆರು ಚಹಾ ಬಂತು, ಏಳನೆಯದಕ್ಕೆ ಚಿತ್ರ ನಿಂತಿತು. ಇಬ್ಬರೂ ಊಟದ ಹೊತ್ತಿನವರೆಗೆ ತಪ್ಪು ಹುಡುಕಿದರು.

"ಕಪ್ ತೊಳಿಯೂ ಬಾಣ ಎಲ್ಲೈತ್ರಿ?" ಎಂದೆ.

ಸಾಹೇಬರು ಅಚ್ಚರಿಯಿಂದ ನೋಡಿದರು. "ಇಷ್ಟು ದಿನ ಯಾರು ತೊಳಿತಿದ್ರು?"

"ಬಾಣ ಇಲ್ಲದನ ನಾನ ತೊಳದೇನ್ರಿ."

೨. ಆಕಳ ಕೆಳಗೆ ಎಮ್ಮೆ

ಖಾನಾಪುರ ಕಡೆಯ ಒಂದು ಹಾಲಿನ ಸಂಘದ ಕೆಲಸ ಬರುವಂತಿತ್ತು. ಬರದಿದ್ದರೆ ತಿಂಗಳ ಕೊನೆಗೆ ಶಟರ್ ಎಳೆಯುವುದೇ ಎಂದು ಸಾಹೇಬರು ಹೇಳಿಬಿಟ್ಟಿದ್ದರು. ಅವರಿಗೇನು, ಹುಬ್ಬಳ್ಳಿಯಲ್ಲಿ ಇನ್ನೊಂದು ಕೆಲಸ ಸಿಗುತ್ತದೆ. ಹತ್ತನೇ ಪಾಸಾದ ನನಗೆ, ಮಗಳ ಸಾಲೆ ಬಿಡುವ ಹೊತ್ತಿಗೆ ಮನೆಗೆ ಕಳಿಸುವ ಕೆಲಸ ಇನ್ನೊಂದು ಸಿಗುವುದಿಲ್ಲ.

ಸಂಘದ ಅಧ್ಯಕ್ಷರೂ ಕಾರ್ಯದರ್ಶಿ ಅಕ್ಕನವರೂ ನೋಡಲು ಬಂದರು. ಚಿತ್ರದಲ್ಲಿ ಮೇಲೆ ಆಕಳ ಡಬ್ಬಿ, ಅದಕ್ಕೆ ಅಂಟಿಸಿ ಕೆಳಗೆ ಎಮ್ಮೆಯದು.

"ಆಕಳಿಗಿ ಇರೂದೆಲ್ಲಾ ಎಮ್ಮಿಗೂ ತಾನಾಗೇ ಬರ್ತದ್ರಿ," ಎಂದಳು ಹುಡುಗಿ.

ಅಧ್ಯಕ್ಷರು ಕನ್ನಡಕ ಏರಿಸಿದರು. "ಹಾಲಿನ ರೇಟ್ ಕಟ್ಟೂದು ಫ್ಯಾಟಿನ ಮ್ಯಾಲ. ಅದೂ ಬರ್ತದೇನು?"

"ಹೂಂನ್ರಿ, ಅದೂ ಆಕಳದ್ದ."

"ಹಂಗಾದ್ರ ಎಮ್ಮಿ ಕಟ್ಟಿದವರ ಮನಿಗಿ ಈ ಚಿತ್ರ ನೀನ ಒಯ್ದು ತೋರಸವ್ವಾ. ನಾ ಬರೂದಿಲ್ಲ."

೩. ಸಾಲು

ಹುಡುಗಿ ಅಲ್ಲೇ ಕುಳಿತು ಎಮ್ಮೆಯನ್ನು ಬೇರೆ ಮಾಡಿ ಗುಂಡಿ ಒತ್ತಿದಳು. ಪರದೆಯ ಮೇಲೆ ಕ್ಯಾನುಗಳು ಸರಿದವು, ಫ್ಯಾಟ್ ನೋಡಾಯಿತು, ಚೀಟಿ ಬಂತು. ಆಮೇಲೆ ಎಲ್ಲವೂ ಒಂದು ಡಬ್ಬಿಯ ಮುಂದೆ ಸಾಲುಗಟ್ಟಿ ನಿಂತವು. ಡಬ್ಬಿಯ ಮೇಲೆ 'ಅಧ್ಯಕ್ಷರು' ಎಂದು ಬರೆದಿತ್ತು.

ಸಾಹೇಬರ ಹಣೆ ಒದ್ದೆಯಾಯಿತು. "ಏನೋ ತಪ್ಪಾಗೇತ್ರಿ..."

"ತಪ್ಪೇನಿಲ್ರಿ," ಎಂದರು ಕಾರ್ಯದರ್ಶಿ. "ನಮ್ಮಲ್ಲೂ ಹಿಂಗ ಐತಿ. ಇವರ ಸಹಿ ಆಗದ ಒಂದ್ ಕ್ಯಾನೂ ಗಾಡಿ ಹತ್ತೂದಿಲ್ಲ. ಇವರು ಏಳೂದು ಒಂಬತ್ತಕ್ಕ. ಆ ಡಬ್ಬಿ ಒಮ್ಮೆ ತಗದ್ ನೋಡವ್ವಾ."

ಹುಡುಗಿ ಜಾಣೆ, ಆದರೆ ಯಾರ ಮುಂದೆ ಏನು ಮಾಡಬೇಕೆಂಬುದು ತಿಳಿಯದು. ತೆಗೆದೇಬಿಟ್ಟಳು. ಕ್ಯಾನುಗಳು ಸರ್ರನೆ ಗಾಡಿ ಹತ್ತಿದವು.

ನಾನು ಮನಸ್ಸಿನಲ್ಲೇ ಬೇರೆ ಕೆಲಸ ಹುಡುಕತೊಡಗಿದೆ.

ಅಧ್ಯಕ್ಷರು ಪರದೆಯ ಹತ್ತಿರ ಬಗ್ಗಿ ನೋಡಿದರು. "ಚಲೋ ಐತಿ. ಕೆಲಸ ನಿಮಗ ಕೊಟ್ಟೆ. ಆದ್ರ ನನ್ನ ಡಬ್ಬಿ ತಿರುಗಿ ಹಾಕ್ರಿ. ಎಲ್ಲಾರಕಿಂತ ಮ್ಯಾಲ, ದೊಡ್ಡದು."

"ಬಾಣ ಎಲ್ಲಿಂದ ಎಳೀಲಿರಿ?" ಎಂದಳು ಹುಡುಗಿ.

"ಬಾಣ ಒಂದೂ ಬ್ಯಾಡ. ಸುತ್ತ ಒಂದು ಹೂವಿನ ಮಾಲಿ ಹಾಕು."

"ಮಾಲಿ ಬ್ಯಾಡ್ರಿ," ಎಂದರು ಕಾರ್ಯದರ್ಶಿ. "ಜನ ಮನಿಗಿ ಅಳಾಕ ಬರ್ತಾರ."