ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಗಿಟಾರು

ಏನಾದರೂ ಆಗಿಬಿಟ್ಟರೆ ಎಂದು ಸದಾ ಯೋಚಿಸುವವರನ್ನು ಲೋಕ ಅಂಜುಬುರುಕರು ಎನ್ನುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಅಂಜುಬುರುಕನಾದವನು ಯಾವುದೋ ಒಂದಕ್ಕೆ ಹೆದರಿ ಸುಮ್ಮನಾಗುತ್ತಾನೆ. ನನ್ನಂಥವನಿಗೆ ಒಂದು ಸಾಲುವುದಿಲ್ಲ. ಬಸ್ಸು ಹತ್ತಿದರೆ ಬ್ರೇಕಿನ ಚಿಂತೆ, ಬ್ರೇಕು ಸರಿಯಾಗಿದ್ದರೆ ಡ್ರೈವರನ ಕಣ್ಣಿನ ಚಿಂತೆ, ಅವನ ಕಣ್ಣೂ ಸರಿಯಾಗಿದೆ ಅನ್ನಿಸಿದರೆ ಎದುರಿಗೆ ಬರುವ ಲಾರಿಯವನ ಕಣ್ಣಿನ ಚಿಂತೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಜಯಂತಿ ಇದನ್ನೆಲ್ಲ ಪ್ರೀತಿ ಎಂದು ತಿಳಿದುಕೊಂಡಿದ್ದಳಂತೆ. ಈಗ ಬಂದ ನೆಂಟರಿಗೆ, "ಗಾಳಿ ಬೀಸಿದ್ರೆ ಮರ ಅಲ್ಲಾಡ್ತದೆ, ನಮ್ಮನೆಯವ್ರು ಗಾಳಿ ಇಲ್ದೇನೇ ಅಲ್ಲಾಡ್ತಾರೆ" ಎಂದು ನನ್ನ ಪರಿಚಯ ಮಾಡಿಕೊಡುತ್ತಾಳೆ.

ಇದರಲ್ಲಿ ನನ್ನ ತಪ್ಪು ಅರ್ಧ, ಉಳಿದ ಅರ್ಧ ಹೊಗೆಸೊಪ್ಪಿನದು. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವವರ ಹೊಲದಲ್ಲಿ ಬ್ಯಾರನ್ ಎನ್ನುವ ಒಂದು ಎತ್ತರದ ಇಟ್ಟಿಗೆ ಕೋಣೆ ಇರುತ್ತದೆ. ಕಿಟಕಿ ಇಲ್ಲ. ಹೊರಗಿನ ಒಲೆಗೆ ಸೌದೆ ಹಾಕಿದರೆ ಒಳಗೆ ನೆಲದ ಮೇಲಿನ ಕಬ್ಬಿಣದ ಪೈಪುಗಳು ಕಾಯುತ್ತವೆ. ಆ ಶಾಖಕ್ಕೆ ಮೇಲಿನ ಅಡ್ಡ ಬಿದಿರುಗಳಲ್ಲಿ ನೇತುಹಾಕಿದ ಹಸಿ ಸೊಪ್ಪು ಮೊದಲು ಹಳದಿಯಾಗಿ, ಆಮೇಲೆ ಒಣಗಿ ಹದಕ್ಕೆ ಬರುತ್ತದೆ. ಗೋಡೆಯ ಬುಡದಲ್ಲಿ ಗಾಳಿಕಿಂಡಿ, ಸೂರಿನ ನೆತ್ತಿಯಲ್ಲಿ ಇನ್ನೊಂದು. ಬಾಗಿಲಲ್ಲಿ ಅಂಗೈಯಗಲ ಗಾಜು, ಗಾಜಿನ ಹಿಂದೆ ಶಾಖ ತೋರಿಸುವ ಕಡ್ಡಿ. ಕಿಂಡಿ ತೆಗೆಯುವುದು ಚೂರು ಹಿಂದುಮುಂದಾದರೂ ವರ್ಷದ ಗೇಮೆ ಕಪ್ಪಾಗುತ್ತದೆ. ಆ ಗಾಜಿಗೆ ಕಣ್ಣಿಟ್ಟು ಅರ್ಧ ಆಯುಸ್ಸು ಕಳೆದವನಿಗೆ ನೆಮ್ಮದಿ ಎಲ್ಲಿಂದ ಬರಬೇಕು? ಹೋಟೆಲಿನಲ್ಲಿ ಇಡ್ಲಿ ಪಾತ್ರೆ ಕಂಡರೂ ನಾನು ಒಮ್ಮೆ ಬಗ್ಗಿ ನೋಡುತ್ತೇನೆ.

ನನ್ನ ಮಗಳು ಮೇಘನ ಹುಣಸೂರಿನಲ್ಲಿ ಡಿಗ್ರಿ ಓದುತ್ತಾಳೆ. ಓದಿನ ಜೊತೆಗೆ ಡ್ರಮ್ಮು ಬಾರಿಸುತ್ತಾಳೆ. ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನ ತೆನ್ಜಿನ್ ಎಂಬ ಹುಡುಗ ಗಿಟಾರು ಬಾರಿಸಿ ಹಾಡುತ್ತಾನೆ. ಅವನ ಗೆಳೆಯನೊಬ್ಬ ದಪ್ಪ ತಂತಿಯ ಇನ್ನೊಂದು ಗಿಟಾರು ಹಿಡಿದು ಏನೂ ಮಾತಾಡದೆ ನಿಲ್ಲುತ್ತಾನೆ. ಇದು ಇವರ ಬ್ಯಾಂಡು. ಒಂದು ಸಂಜೆ ಮೇಘನ ಮೊಬೈಲನ್ನು ನನ್ನ ಮೂಗಿಗೆ ತಾಗುವಂತೆ ಹಿಡಿದು, "ಅಪ್ಪ, ಇದನ್ನ ನೋಡು" ಅಂದಳು. ಕಪ್ಪು ಬಿಳುಪಿನ ವಿಡಿಯೋ. ಅರವತ್ತರ ದಶಕದ ಇಂಗ್ಲೆಂಡಂತೆ, ಯಾವುದೋ ಗೋದಾಮಿನ ಕೆಳಗಿನ ನೆಲಮಾಳಿಗೆಯಂತೆ. ತಲೆಗೆ ತಾಗುವ ಇಟ್ಟಿಗೆ ಕಮಾನಿನ ಕೆಳಗೆ ಟೈ ಕಟ್ಟಿದ ಹುಡುಗರು ಗಿಟಾರು ಬಾರಿಸುತ್ತಿದ್ದಾರೆ. ಮುಂದೆ ಸಾಸಿವೆ ಹಾಕಲು ಜಾಗವಿಲ್ಲದಂತೆ ಹುಡುಗ ಹುಡುಗಿಯರು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಆಫೀಸಿನ ಹುಡುಗಿಯರು ಬ್ರೆಡ್ಡು ಕಚ್ಚಿಕೊಂಡೇ ಮೆಟ್ಟಿಲಿಳಿದು ಬಂದು, ಕುಣಿದು, ಮತ್ತೆ ಟೈಪು ಹೊಡೆಯಲು ಹೋಗುತ್ತಿದ್ದರಂತೆ. ಒಳಗಿನ ಸೆಕೆಗೆ ಗೋಡೆಗಳೇ ಬೆವರಿ ನೀರಿಳಿಯುತ್ತಿತ್ತಂತೆ.

"ಆಚೆ ಹೋಗಕ್ಕೆ ಬಾಗ್ಲು ಎಲ್ಲದೆ?" ಎಂದೆ.

"ಮೆಟ್ಲು ಅದೆ."

"ಒಂದೇನಾ?"

"ಅಪ್ಪ, ಅವರೆಲ್ಲ ಆಗಲೇ ಅಜ್ಜಿ ತಾತ ಆಗವ್ರೆ. ಆಚೆ ಬಂದ್ರು ಅಂತ ಅರ್ಥ. ಹಾಡು ಕೇಳು."

ಕೇಳಿದೆ. ಇಂಗ್ಲಿಷು ಒಂದಕ್ಷರ ಹಿಡಿಯಲಿಲ್ಲ, ಆದರೆ ಆ ಡ್ರಮ್ಮು ಹಿಡಿಯಿತು. ಮಂಚದ ಕೆಳಗೆ ನನ್ನ ಬಲಗಾಲು ತನ್ನಷ್ಟಕ್ಕೆ ಕುಣಿಯುತ್ತಿತ್ತು. ಎಡಗಾಲಿನಿಂದ ಅದನ್ನು ಒತ್ತಿ ಹಿಡಿದು ಗಂಭೀರವಾಗಿ ಕೂತೆ. ಆಗ ಮೇಘನ ಮೆಲ್ಲಗೆ ಕೇಳಿದಳು. "ಇಟ್ಟಿಗೆ ಗೋಡೆ, ಕಿಟಕಿ ಇಲ್ಲ. ನಮ್ಮ ಬ್ಯಾರನ್ ಥರಾನೇ ಅಲ್ವಾ? ಈಗ ಹೆಂಗೂ ಖಾಲಿ ಅದೆ. ನಮ್ಮ ಬ್ಯಾಂಡಿನ ಪ್ರೋಗ್ರಾಂ ಅಲ್ಲೇ ಮಾಡ್ಲಾ?"

ಅವಳು ಬೇರೆ ಜಾಗ ಕೇಳದೆ ಬಂದವಳಲ್ಲ. ಕಾಲೇಜಿನವರು ಪರೀಕ್ಷೆ ಹತ್ತಿರ ಬಂತು ಎಂದರು. ಪಿರಿಯಾಪಟ್ಟಣದ ಕಲ್ಯಾಣ ಮಂಟಪದವನು, "ಗಂಡು ಹೆಣ್ಣು ಇಲ್ದೆ ಬರೀ ಓಲಗಕ್ಕೆ ಛತ್ರ ಕೊಡೋದಾ" ಎಂದು ನಕ್ಕು ಕಳಿಸಿದ. ಇಲ್ಲೂ ಇಲ್ಲ ಅಂದರೆ ಇವರ ಬ್ಯಾಂಡು ಮೊಬೈಲಿನಲ್ಲೇ ಹುಟ್ಟಿ ಮೊಬೈಲಿನಲ್ಲೇ ಮುಗಿಯುತ್ತಿತ್ತು. ನನಗಿದ್ದ ಕಷ್ಟ ಬೇರೆ. ಈಜು ಕಲಿಯುತ್ತೇನೆ ಅಂದಾಗ ಬೇಡ ಅಂದವನು ನಾನು. ಕಾಲೇಜಿನ ಟೂರಿಗೆ ಬೇಡ ಅಂದೆ, ಸ್ಕೂಟರಿಗೂ ಬೇಡ ಅಂದೆ. ಅವಳು ಜಗಳವಾಡಿದ್ದರೆ ಸಮಾಧಾನವಾಗುತ್ತಿತ್ತು. ಅವಳು ನನ್ನನ್ನು ಕೇಳುವುದನ್ನೇ ಬಿಡುತ್ತಾ ಬಂದಿದ್ದಳು. ಎಷ್ಟೋ ದಿನದ ಮೇಲೆ ಮತ್ತೆ ಏನೋ ಕೇಳುತ್ತಿದ್ದಾಳೆ. ಈ ಸಲವೂ ಬೇಡ ಅಂದರೆ ಇನ್ನು ಕೇಳಲಾರಳು ಎಂಬ ಹೊಸ ಚಿಂತೆ ಹಳೆಯ ಚಿಂತೆಗಳನ್ನೆಲ್ಲ ತಳ್ಳಿಕೊಂಡು ಮುಂದೆ ಬಂತು. "ಆಗ್ಲಿ" ಎಂದೆ. ಜಯಂತಿ ಅಡುಗೆಮನೆಯಿಂದ ಹೊರಗೆ ಬಂದು ನನ್ನ ಹಣೆ ಮುಟ್ಟಿ ನೋಡಿದಳು.

ಆದರೆ ಬ್ಯಾರನ್ನು ನನ್ನೊಬ್ಬನದಲ್ಲ, ನಮ್ಮಣ್ಣನದೂ ಹೌದು. ಅಣ್ಣಯ್ಯನ ಮನೆ ಬ್ಯಾರನ್ನಿಗೆ ಕೂಗಳತೆಯಲ್ಲಿದೆ. ಅವನು ಇಡೀ ವಾರ ಗೇಯ್ದು ಭಾನುವಾರ ಮಧ್ಯಾಹ್ನ ಕೋಳಿಸಾರು ಮುದ್ದೆ ಉಂಡು ಜಗುಲಿಯ ಮೇಲೆ ಮಲಗುವವನು. ಆ ನಿದ್ದೆಯನ್ನು ಊರಿನ ನಾಯಿಗಳೂ ಗೌರವಿಸುತ್ತವೆ. ಇವರ ಕಾರ್ಯಕ್ರಮ ಅದೇ ಹೊತ್ತಿಗೆ, ಏಕೆಂದರೆ ಬರುವ ಹುಡುಗಿಯರೆಲ್ಲ ಹೊತ್ತು ಮುಳುಗುವುದರೊಳಗೆ ಮನೆ ಸೇರಬೇಕು. ಅಣ್ಣಯ್ಯ ಎಲ್ಲ ಕೇಳಿಸಿಕೊಂಡು ಹೇಳಿದ: "ಮಗ ಆಸೆಪಡ್ತದೆ, ಮಾಡ್ಕಳಿ. ಆದ್ರೆ ನನ್ನ ಜಗ್ಲಿಗೆ ಒಂದು ಡಬಡಬ ಕೇಳಿಸ್ತೋ, ಎದ್ದು ಬಂದು ಬೀಗ ಜಡೀತೀನಿ. ಆಮೇಕೆ ಮಗ ಅಳ್ತದೆ ಅಂತ ನನ್ನತ್ರ ಬರಬ್ಯಾಡ ಕಣ್ಲಾ." ನಾನು ಮಾತು ಕೊಟ್ಟೆ.

ಕೊಟ್ಟ ಮಾತಿಗೆ ಕಾರಣವಿತ್ತು. ಬ್ಯಾರನ್ನಿನ ಬಿರುಕು ಮುಚ್ಚುವುದರಲ್ಲಿ ನನ್ನಷ್ಟು ಗಟ್ಟಿಗ ನಮ್ಮ ಬೆಟ್ಟದಪುರದ ಸುತ್ತಮುತ್ತ ಇಲ್ಲ ಎಂದು ನಾನೇ ಹೇಳಿಕೊಳ್ಳುತ್ತೇನೆ. ಸೊಪ್ಪು ಹದ ಮಾಡುವ ಮುಂಚೆ ಪ್ರತಿ ವರ್ಷ ಒಳಗೆ ಹೊಕ್ಕು ಬಾಗಿಲು ಮುಚ್ಚಿಕೊಂಡು ಕತ್ತಲಲ್ಲಿ ನಿಲ್ಲಬೇಕು. ಎಲ್ಲಿ ಬೆಳಕಿನ ಎಳೆ ಕಾಣುತ್ತದೋ ಅಲ್ಲಿಗೆ ಕೆಮ್ಮಣ್ಣು ಸಗಣಿ ಕಲಸಿ ಮೆತ್ತಬೇಕು. ಬೆಳಕು ನುಗ್ಗದ ಕಡೆ ಸದ್ದು ಹೇಗೆ ನುಗ್ಗೀತು ಎನ್ನುವುದು ನನ್ನ ವಿಜ್ಞಾನ. ಶನಿವಾರವಿಡೀ ಮೆತ್ತಿದೆ. ಬುಡದ ಕಿಂಡಿಗಳಿಗೆ ಗೋಣಿಚೀಲ ತುರುಕಿದೆ. ನೆತ್ತಿಯ ಕಿಂಡಿಯನ್ನು ಹಗ್ಗ ಸಡಿಲಿಸಿ ಮುಚ್ಚಿದೆ. ಪೈಪು ಬಿಚ್ಚಿ ಹೊರಗಿಟ್ಟಿದ್ದರಿಂದ ನೆಲವನ್ನು ಹುಡುಗರೇ ಗುಡಿಸಿ ಸಾರಿಸಿದರು. ಜಯಂತಿ ಕಾಫಿ ತಂದವಳು ನಿಂತು ನೋಡಿ, "ಒಳಗಡೆ ಇರೋದು ಸೊಪ್ಪಲ್ಲ ಕಣ್ರೀ, ಮಕ್ಳು" ಎಂದಳು. ಹಾವು, ಕಡಜ, ಕರೆಂಟಿನ ವೈರು, ಸೂರಿನ ಹೆಂಚು, ಎಲ್ಲದರ ಬಗ್ಗೆಯೂ ಯೋಚಿಸಿದ್ದ ನಾನು ಈ ಮಾತೊಂದನ್ನು ಮಾತ್ರ ಹೆಂಗಸರ ಭಯ ಎಂದು ತಳ್ಳಿಹಾಕಿದೆ.

ಭಾನುವಾರ ಬಂತು. ಹುಣಸೂರಿನಿಂದ, ಹ್ಯಾಂಡ್‌ಪೋಸ್ಟಿನಿಂದ, ಬೈಲಕುಪ್ಪೆಯಿಂದ ಬೈಕುಗಳು ಬಂದವು. ಒಂದು ಗುಂಪು ಕೆ.ಆರ್. ನಗರದಿಂದ ಬಸ್ಸಿಗೆ ಬಂದು, ಅಲ್ಲಿಂದ ಗೂಡ್ಸ್ ಆಟೋದಲ್ಲಿ ನಿಂತುಕೊಂಡು ಬಂದಿತ್ತು. ಹುಡುಗರು ವಿಡಿಯೋದಲ್ಲಿದ್ದ ಹಾಗೆ ಹಣೆ ಮುಚ್ಚುವಂತೆ ಕೂದಲು ಬಾಚಿಕೊಂಡಿದ್ದರು. ಒಬ್ಬಳು ಅಜ್ಜಿಯ ಕಾಲದ ದೊಡ್ಡ ಓಲೆ ಹಾಕಿಕೊಂಡು, ಮೊಣಕಾಲವರೆಗಿನ ಅಂಗಿ ತೊಟ್ಟು, ಅದರ ಮೇಲೆ ಅಮ್ಮನ ಸಮಾಧಾನಕ್ಕೆ ದುಪಟ್ಟಾ ಹೊದ್ದು ಬಂದಿದ್ದಳು. ಬ್ಯಾರನ್ನಿನ ಬಾಗಿಲಲ್ಲಿ ದುಪಟ್ಟಾ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ತೆನ್ಜಿನ್ ಟೈ ಕಟ್ಟಿದ್ದ. ನನ್ನ ಮುಖ ನೋಡಿದವನೇ, "ಯಾಕಂಕಲ್ ಇಂಗೆ ಬೆವರ್ತಿದ್ದೀರಿ? ತಲೆ ಕೆಡಿಸ್ಕಬೇಡಿ ಬುಡಿ, ಏನೂ ಆಗಕಿಲ್ಲ" ಎಂದ. ಅವನ ಕನ್ನಡ ನಮ್ಮೂರಿನವರ ಕನ್ನಡಕ್ಕಿಂತ ಹಳೆಯದು. ಎಲ್ಲರೂ ಒಳಗಾದ ಮೇಲೆ ನಾನು ಹೊರಗಿನಿಂದ ಬಾಗಿಲೆಳೆದೆ.

ಶುರುವಾಯಿತು. ಆಹಾ, ಹೊರಗೆ ಕೇಳಿದ್ದು ಕಂಬಳಿ ಹೊದ್ದವನ ಗೊರಕೆಯಷ್ಟೇ. ಆದರೆ ಗೋಡೆಗೆ ಅಂಗೈ ಇಟ್ಟರೆ ಇಟ್ಟಿಗೆ ಇಟ್ಟಿಗೆಯೂ ಮಿಡಿಯುತ್ತಿತ್ತು. ಒಳಗೆ ನನ್ನ ಮಗಳು ಬಾರಿಸುತ್ತಿದ್ದಾಳೆ, ಇಷ್ಟು ಜನ ಅವಳಿಗಾಗಿ ಬಂದಿದ್ದಾರೆ ಎನ್ನುವುದು ಕೈಯಿಂದ ಹತ್ತಿ ಎದೆಗೆ ಬಂತು. ಓಡಿಹೋಗಿ ಅಣ್ಣಯ್ಯನ ಜಗುಲಿ ನೋಡಿದೆ. ಮುಖದ ಮೇಲಿನ ಪೇಪರು ಏರಿಳಿಯುತ್ತಿತ್ತು. ಅಲ್ಲಿ ಕೋಳಿ ಕೆದಕುವ ಸದ್ದು ಬಿಟ್ಟರೆ ಬೇರೇನಿಲ್ಲ. ಹೆಮ್ಮೆಯಿಂದ ಮೀಸೆ ಮುಟ್ಟಿಕೊಂಡು ವಾಪಸು ಬಂದವನು ಸುಮ್ಮನೆ ನಿಲ್ಲಬೇಕಿತ್ತು. ಅಭ್ಯಾಸ ಬಿಡಬೇಕಲ್ಲ, ಗಾಜಿಗೆ ಕಣ್ಣಿಟ್ಟೆ.

ಗಾಜು ಮಂಜಾಗಿತ್ತು. ಒರೆಸಿದೆ, ಹೋಗಲಿಲ್ಲ, ಮಂಜು ಒಳಗಡೆಯದು. ಯಾರದೋ ಭುಜ ತಾಗಿ ಒಂದಿಷ್ಟು ಒರೆಸಿಹೋದಾಗ ಶಾಖದ ಕಡ್ಡಿಯ ಕೆಂಪು ಗೆರೆ ಕಂಡಿತು. ಸೊಪ್ಪು ಹಳದಿಗೆ ತಿರುಗಲು ಎಷ್ಟು ಶಾಖ ಬೇಕೋ ಅಷ್ಟಕ್ಕೆ ಬಂದು ನಿಂತಿತ್ತು, ಇನ್ನೂ ಏರುತ್ತಿತ್ತು. ಒಲೆಗೆ ಒಂದು ಕಡ್ಡಿ ಸೌದೆ ಹಾಕಿಲ್ಲ. ಮಾರ್ಚಿ ತಿಂಗಳ ಬಿಸಿಲು ಹೊರಗೆ, ಕುಣಿಯುವ ಮಕ್ಕಳು ಒಳಗೆ, ನಡುವೆ ನನ್ನ ಕೆಮ್ಮಣ್ಣು. ಹುಣಸೂರು ಪಿರಿಯಾಪಟ್ಟಣದ ಇಡೀ ಯೌವನವನ್ನು ನಾನು ಹದ ಮಾಡುತ್ತಿದ್ದೆ. ಬಾಗಿಲು ಬಡಿದೆ, ಒಳಗಿನವರಿಗೆ ಅದೂ ತಾಳ ಅನ್ನಿಸಿರಬೇಕು, ಇನ್ನಷ್ಟು ಜೋರಾಗಿ ಕುಣಿದರು. ಬಾಗಿಲು ತೆಗೆದರೆ ಅದು ನೇರ ಅಣ್ಣಯ್ಯನ ಜಗುಲಿಗೆ ಮುಖ ಮಾಡಿದೆ. ಅವನು ಎದ್ದರೆ ಬೀಗ, ಬೀಗ ಬಿದ್ದರೆ ಮಗಳ ಮುಖ. ತೆಗೆಯದಿದ್ದರೆ ಯಾರಾದರೂ ತಲೆಸುತ್ತಿ ಬೀಳುತ್ತಾರೆ. ಕಿಂಡಿಗಳಾದರೂ ಹಿಂಬದಿಗಿವೆ ಎಂದುಕೊಂಡು ಹಿಂದಕ್ಕೆ ಓಡಿದೆ. ಗೋಣಿಚೀಲಗಳನ್ನು ಕಿತ್ತೆಸೆದೆ, ಅದೇ ಉಸಿರಿನಲ್ಲಿ ನೆತ್ತಿಯ ಕಿಂಡಿಯ ಹಗ್ಗವನ್ನೂ ಜಗ್ಗಿಬಿಟ್ಟೆ.

ಕಿಂಡಿಯನ್ನು ಹೀಗೆ ತೆಗೆಯಬಾರದು ಎನ್ನುವುದು ನಮ್ಮ ಕಡೆ ಹುಟ್ಟಿದ ಮಗುವಿಗೂ ಗೊತ್ತು. ಗಾಳಿ ಬುಡದಿಂದ ನುಗ್ಗಿ ಸುಯ್ಯೆಂದು ನೆತ್ತಿಗೇರಿತು. ನೆಲ ಗುಡಿಸಿದ್ದರು, ಸರಿ. ಮೇಲಿನ ಅಡ್ಡ ಬಿದಿರುಗಳ ಮೇಲೆ ವರ್ಷಾನುಗಟ್ಟಲೆ ಕೂತಿದ್ದ ಹೊಗೆಸೊಪ್ಪಿನ ಪುಡಿಯನ್ನು ಯಾರೂ ಮುಟ್ಟಿರಲಿಲ್ಲ. ಡ್ರಮ್ಮಿನ ಏಟಿಗೆ ಮೊದಲೇ ಸಡಿಲವಾಗಿದ್ದ ಆ ಪುಡಿ ಅರ್ಧ ಸೂರಿನಿಂದ ಆಚೆಗೆ ಎದ್ದಿತು, ಅರ್ಧ ಕುಣಿಯುವವರ ಮೇಲೆ ಇಳಿಯಿತು. ಅಂಗಡಿಯಲ್ಲಿ ಡಬ್ಬಿಗೆ ಹಾಕಿ ಮಾರುವ ನಸ್ಯಕ್ಕೂ ಇದಕ್ಕೂ ಡಬ್ಬಿಯಷ್ಟೇ ವ್ಯತ್ಯಾಸ. ಬಗ್ಗಿ ಬುಡದ ಕಿಂಡಿಯಲ್ಲಿ ಇಣುಕಿದೆ. ಮೊದಲು ತೆನ್ಜಿನ್ ಮೈಕಿನೊಳಗೇ ಸೀನಿದ. ಹಾಡಿನಲ್ಲಿ ಇದೂ ಒಂದು ಗತ್ತು ಎಂದುಕೊಂಡ ಮೇಘನ ಡ್ರಮ್ಮಿನ ಪಕ್ಕದ ಕಂಚಿನ ತಟ್ಟೆಗೆ ಝಣ್ ಎಂದು ಹೊಡೆದಳು. ಆಮೇಲೆ ಮುಂದಿನವರು ಸೀನಿದರು, ಹಿಂದಿನವರು ಸೀನಿದರು, ಪ್ರತಿ ಸೀನಿಗೂ ಝಣ್. ಕಣ್ಣಲ್ಲಿ ನೀರು ಸುರಿಸಿಕೊಂಡು, ನಕ್ಕು, ಸೀನಿ, ಅವರು ಕುಣಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಈಗ ಸದ್ದು ಬೆಟ್ಟದಪುರದ ಬೆಟ್ಟಕ್ಕೆ ಕೇಳುವಷ್ಟು ಆಚೆ ಬರುತ್ತಿತ್ತು.

ಅಣ್ಣಯ್ಯ ಬನಿಯನ್ನಿನಲ್ಲಿ, ಕೈಯಲ್ಲಿ ನೀರಿನ ಬಿಂದಿಗೆ ಹಿಡಿದು ಓಡಿಬಂದ. "ಬ್ಯಾರನ್‌ಗೆ ಯಾವೋನ್ಲಾ ಬೆಂಕಿ ಆಕ್ದೋನು? ನೆತ್ತಿ ಮ್ಯಾಲೆ ಹೊಗೆ ಎದ್ದದೆ." ನಾನು ಮುಂದಕ್ಕೆ ಓಡಿಬಂದು, ಎದ್ದಿದ್ದು ಪುಡಿ ಎಂದು ಹೇಳುವುದರೊಳಗೆ ಬಾಗಿಲು ದೂಡಿದ. ಬಾಜಾ ನಿಂತಿತು. ಎಲ್ಲರೂ ಇವನ ಕಡೆ ತಿರುಗಿದರು. ಮೇಘನ ಮಾತ್ರ ಕಡ್ಡಿಗಳನ್ನು ಮೇಲೆತ್ತಿದ ಹಾಗೇ, ದೊಡ್ಡಪ್ಪನನ್ನು ಬಿಟ್ಟು ನನ್ನನ್ನೇ ನೋಡಿದಳು. ಈಜು, ಟೂರು, ಸ್ಕೂಟರು ಎಲ್ಲವೂ ಆ ನೋಟದಲ್ಲಿದ್ದವು.

"ಅಣ್ಣಯ್ಯ, ಸದ್ದು ಆಚೆ ಬುಟ್ಟೋನು ನಾನು" ಎಂದೆ. "ಬೀಗ ಜಡಿಯೋದೇ ಆದ್ರೆ ನನ್ನ ಒಳಗೆ ಹಾಕಿ ಜಡಿ. ಇವ್ರು ಆಚೆ ಬಾರಿಸ್ಕೊಳ್ಲಿ."

ಅಣ್ಣಯ್ಯ ಒಳಗೆ ಹೊಕ್ಕ. ಶಾಖದ ಕಡ್ಡಿ ನೋಡಿದ. ನೆತ್ತಿ ನೋಡಿದ. ಸುತ್ತಿಹೋಗಿ ಕಿಂಡಿಗಳನ್ನು ನೋಡಿ ಬಂದು ನನ್ನ ಮುಂದೆ ನಿಂತ. "ಕಿಂಡಿನ ಒಂದೇ ಏಟ್ಗೆ ತಗೀತಾರೇನ್ಲಾ? ಬೆರಳಷ್ಟು ಬೆರಳಷ್ಟೇ ತಗೀಬೇಕು ಅಂತ ಎಷ್ಟು ವರ್ಸ ಯೋಳ್ಲಿ ನಿಂಗೆ? ಒಳಗೆ ಸೊಪ್ಪಿದ್ದಿದ್ರೆ ಏನ್ ಗತಿ?" ಇಷ್ಟು ಹೇಳುವಷ್ಟರಲ್ಲಿ ಪುಡಿ ಅವನ ಮೂಗಿಗೂ ಹೋಗಿತ್ತು. ಅಣ್ಣಯ್ಯ ಸೀನಿದರೆ ಎತ್ತುಗಳು ಹಗ್ಗ ಕೀಳುತ್ತವೆ. ಅಂಥದ್ದೊಂದು ಸೀನಿದ. ಮೇಘನಳ ಕೈ ತಡೆಯಲಿಲ್ಲ, ಝಣ್.

ಅಣ್ಣಯ್ಯ ಮೂಗು ಒರೆಸಿಕೊಂಡು ಅವಳ ಕಡೆ ತಿರುಗಿದ.

"ಏನ್ ಮಗ, ನಾನು ಸೀನಿದ್ಕೂ ಬಾರಿಸ್ತೀಯಾ?"

"ತಾಳಕ್ಕೆ ಸರಿಯಾಗಿ ಸೀನಿದ್ರಿ ದೊಡ್ಡಪ್ಪ."

ಅಣ್ಣಯ್ಯನ ಹೊಟ್ಟೆ ಮೊದಲು ಅಲುಗಿತು, ನಗು ಆಮೇಲೆ ಬಂತು. ಬಿಂದಿಗೆಯ ನೀರನ್ನು ಹುಡುಗರಿಗೆ ಕುಡಿಯಲು ಕೊಟ್ಟ. "ನಿದ್ದೆ ಹೆಂಗೂ ಹೋಯ್ತು. ಅದೇನು ಬಾರಿಸ್ತೀರೋ ಬಾರ್ಸಿ. ಬಾಗ್ಲು ತಗದೇ ಇರ್ಲಿ" ಎಂದು ಹೇಳಿ, ಹಿಂದಕ್ಕೆ ಹೋಗಿ ನೆತ್ತಿಯ ಕಿಂಡಿಯ ಹಗ್ಗ ತಾನೇ ಹಿಡಿದು ಕಲ್ಲಿನ ಮೇಲೆ ಕೂತ. ಸದ್ದು ಕೇಳಿ ಕೇರಿಯವರೆಲ್ಲ ಬಂದರು. ಬಂದವರು ಸೀನಿದರು. ಸೀನಿದವರು ಉಳಿದರು. ನಾನು ಬಾಗಿಲಿಗೆ ಒರಗಿ, ಕೈಯಲ್ಲಿ ಯಾವುದೋ ಹುಡುಗಿಯ ದುಪಟ್ಟಾ ಹಿಡಿದುಕೊಂಡು ನನ್ನ ಮಗಳನ್ನು ನೋಡುತ್ತಿದ್ದೆ. ಬೆವರಿನಲ್ಲಿ ತೊಯ್ದು, ಕೂದಲು ಕೆನ್ನೆಗಂಟಿ, ಅವಳು ಎರಡೂ ಕೈಯಲ್ಲಿ ಗುಡುಗುತ್ತಿದ್ದಳು. ಈ ಹುಡುಗಿಗೆ ಈಜು ಬೇಡ ಅಂದವನು ಯಾರೋ ಬೇರೆಯವನಿರಬೇಕು ಅನ್ನಿಸಿತು. ಈ ಸಲ ಬಲಗಾಲನ್ನು ಯಾರೂ ಒತ್ತಿ ಹಿಡಿಯಲಿಲ್ಲ. ಎಡಗಾಲೂ ಅದರ ಜೊತೆ ಸೇರಿತ್ತು. ಒಂದು ಪೂರ್ತಿ ಹಾಡು ಮುಗಿಯುವವರೆಗೆ ನಾನು ಯಾವ ಚಿಂತೆಯನ್ನೂ ಮಾಡಿರಲಿಲ್ಲ. ಅದು ಹೊಳೆದ ಕೂಡಲೇ ಆರೋಗ್ಯ ಸರಿಯಿದೆಯೇ ಎಂದು ನಾಡಿ ಹಿಡಿದು ನೋಡಿಕೊಂಡೆ.

ಸಂಜೆ ಡ್ರಮ್ಮುಗಳನ್ನು ಆಟೋಗೆ ಏರಿಸುವಾಗ ಮೇಘನ ಹೇಳಿದಳು. "ಉಗಾದಿ ಆದ್ಮೇಲೆ ಇನ್ನೊಂದು ಮಾಡ್ಕಳಿ ಅಂದ್ರು ದೊಡ್ಡಪ್ಪ. ಅಪ್ಪ, ಆವಾಗ ನೀನು ಆಚೆ ನಿಲ್ಲಬೇಡ. ಒಳಗೆ, ಮುಂದಿನ ಸಾಲಲ್ಲೇ ನಿಂತ್ಕೊ." ಮನೆಗೆ ಬಂದವನೇ ಜಯಂತಿಗೆ ಹೇಳಿದೆ, ನೋಡು, ಮಗಳು ಅಪ್ಪನಿಗೆ ಮುಂದಿನ ಸಾಲು ಕೊಟ್ಟಿದ್ದಾಳೆ ಎಂದು.

ಜಯಂತಿ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. "ನಿಮ್ಮಣ್ಣಯ್ಯನೇ ಹೇಳ್ಕೊಟ್ಟಿದ್ದು ಕಣ್ರೀ. ಇವ್ನು ಕಣ್ಣೆದುರಿಗೆ ಇರ್ಲಿ, ಆಚೆ ಬುಟ್ರೆ ಮತ್ತೆ ಕಿಂಡಿಗೆ ಕೈ ಹಾಕ್ತಾನೆ ಅಂತ."

ಇರಲಿ. ಯಾವ ಕಾರಣಕ್ಕೆ ಸಿಕ್ಕಿದರೇನು, ಮುಂದಿನ ಸಾಲು ಮುಂದಿನ ಸಾಲೇ. ಈಗ ನನಗಿರುವ ಯೋಚನೆ ಒಂದೇ: ಆ ದಿನವೂ ಅರವತ್ತು ದಾಟಿದ ಅಣ್ಣಯ್ಯ ಒಬ್ಬನೇ ಹಿಂದೆ ಆ ಹಗ್ಗ ಹಿಡಿದು ಕೂತಿರುವಾಗ ನಿದ್ದೆ ಹತ್ತಿಬಿಟ್ಟರೆ?